ಉಣ್ಣೆಯ ಎಳೆ ನೋಡದ ಪೈಲಟ್

ನಮ್ಮ ಮನೆತನದಲ್ಲಿ ಒಬ್ಬನಿಗೆ ಮಾತ್ರ ಆಕಾಶದಲ್ಲಿ ನೌಕರಿ. ಊರವರು ಅದನ್ನು ದೊಡ್ಡ ಸಾಧನೆ ಎನ್ನುತ್ತಾರೆ. ನನ್ನನ್ನು ಕೇಳಿದರೆ, ನೆಲದ ಮೇಲೆ ಒಂದು ಕೆಲಸವೂ ಬಾರದವನು ಇನ್ನೆಲ್ಲಿಗೆ ಹೋಗಬೇಕು? ಮೇಲಕ್ಕೇ ಹೋದ! ಹೆದರಬೇಡಿ, ಜೀವಂತವಾಗಿಯೇ ಹೋಗಿದ್ದಾನೆ.

ಇವನು ನನ್ನ ತಮ್ಮನ ಮಗ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನಷ್ಟು ಉಬ್ಬುತ್ತಾನೆ. ಸಾವಳಗಿಯ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಗಂಡ ತೀರಿದ ಮೇಲೆ ನಾನು ತಮ್ಮನ ಮನೆಯಲ್ಲೇ ಉಣ್ಣೆ ನೂಲುತ್ತ, ಎಲ್ಲರನ್ನೂ ಬಯ್ಯುತ್ತ ಉಳಿದೆ. ಬಯ್ಗುಳದಲ್ಲಿ ಅರ್ಧ ಪಾಲು ಇವನಿಗೇ ಸಂದಿದೆ.

ಸಾಲೆಗೆ ರಜೆ ಬಿಟ್ಟಾಗ ಕುರಿಯ ಹಿಂದೆ ಕಳಿಸಿದರೆ ಮಹಾರಾಯ ಅಂಗಾತ ಮಲಗಿಬಿಡುತ್ತಿದ್ದ. ಮೇಲೆ ವಿಮಾನ ಎಳೆದ ಬಿಳಿ ಗೆರೆ ಅಳಿಯುವ ತನಕ ಏಳುತ್ತಿರಲಿಲ್ಲ. ಒಂದು ದಿನ ಕಬ್ಬಿನ ಹೊಲದ ಯಜಮಾನ ಬಡಿಗೆ ಹಿಡಿದುಕೊಂಡು ಬಂದ.

"ಎತ್ತಾಗ ನೋಡಾಕತ್ತಿದ್ದಿಲೇ?"

"ವಿಮಾನ ಪಡುವಣಕ್ಕ ಹೊಂಟಿತ್ರಿ."

"ಕುರಿ ಎತ್ತಾಗ ಹೊಂಟಿದ್ವು?"

ಅದು ಗೊತ್ತಿರಲಿಲ್ಲ! ಊರ ಮೇಲೆ ಹಾಯುವ ವಿಮಾನಗಳ ದಿಕ್ಕೆಲ್ಲ ಬಾಯಿಪಾಠ. ಕಣ್ಣೆದುರಿನ ನಲವತ್ತು ಕುರಿ ಕಬ್ಬಿನೊಳಗೆ!

ಹೈಸ್ಕೂಲಿಗೆ ಬನಹಟ್ಟಿಯಲ್ಲಿಟ್ಟೆವು. ನೇಕಾರರ ಮನೆಯ ಮೇಲೆ ಒಂದು ಕೋಣೆ. ಅಲ್ಲಿ ಬಿದಿರಿನ ಕಡ್ಡಿಗೆ ಸೀರೆಯ ತುಂಡು ಹೊಲಿದು ವಿಮಾನ ಮಾಡಿ ಮಾಳಿಗೆಯ ಮೇಲಿಂದ ಬಿಟ್ಟ. ಅದು ಎಲ್ಲಿ ಬಿತ್ತೆನ್ನುತ್ತೀರಿ? ಕೆಳಗೆ ನೂಲಿಗೆ ಹಾಕಲು ಕಾಯಿಸಿಟ್ಟಿದ್ದ ಗಂಜಿಯ ಹಂಡೆಯೊಳಗೆ. ಅವನನ್ನು ನೋಡಲು ಹೋಗಿದ್ದ ನನ್ನೆದುರು ಮನೆಯೊಡತಿ ದೂರು ತಂದಳು: "ನಿಮ್ಮ ಹುಡುಗನ ಇಮಾನ ನಮ್ಮ ಗಂಜಿ ಕುಡೀತ್ರಿ ಯವ್ವಾ!"

ನಾನು ಅವನ ಕಿವಿ ಹಿಂಡಿದೆ. ಆದರೆ ಒಣಗಿದ ಮೇಲೆ ಆ ಸೀರೆಯ ಅರಿವೆ ಹಪ್ಪಳದ ಹಾಗೆ ಸೆಟೆದು ನಿಂತಿತು. ವಿಮಾನ ಮೊದಲಿಗಿಂತ ಎರಡು ಮನೆ ಆಚೆ ಹೋಗಿ ಬಿತ್ತು. ಮರುದಿನ ಅದೇ ಒಡತಿಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದ: "ಅಕ್ಕಾರ, ಸ್ವಲ್ಪ ಗಂಜಿ ಇದ್ರ ಕೊಡ್ರಿ." ನಾಚಿಕೆ ಎಂಬುದು ಇವನನ್ನು ಕಂಡರೆ ಓಡಿಹೋಗುತ್ತದೆ.

ಡಿಗ್ರಿ ಓದಲು ದೂರದ ಶಹರಕ್ಕೆ ಹೋದವನು ಅಲ್ಲಿ ಗ್ಲೈಡರ್ ಎಂಬುದನ್ನು ಹಾರಿಸಲು ಕಲಿಯತೊಡಗಿದ. ಅದಕ್ಕೆ ಇಂಜಿನ್ನೇ ಇಲ್ಲವಂತೆ!

"ಹಗ್ಗ ಕಟ್ಟಿ ಎಳದು ಬಿಟ್ರ ತಾನ ಹಾರತೈತಿ, ಅತ್ತಿ."

"ನಿಮ್ಮಪ್ಪನೂ ಹಂಗ ಅದಾನ. ಎಳದು ಬಿಟ್ರ ಬಸ್ ಸ್ಟ್ಯಾಂಡ್ ತನಾ ಹೋಗತಾನ."

ಆಟ ಆಟವಾಗಿದ್ದರೆ ನನಗೇನು? ಇವನು ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳುವೆನೆಂದು ಹಟ ಹಿಡಿದ. ಗ್ಲೈಡರಿನ ಪರೀಕ್ಷೆ ಪಾಸಾದರೆ ದೊಡ್ಡ ವಿಮಾನ ಕಲಿಸುವ ಸಾಲೆಯಲ್ಲಿ ವಿದ್ಯಾರ್ಥಿವೇತನದ ಸೀಟು. ಪರೀಕ್ಷೆಗೆ ಕೂತ, ಫೇಲಾದ. ಮನೆಗೆ ಬಂದು ಸುದ್ದಿ ಹೇಳಿದ.

ತಮ್ಮ ಹೆಚ್ಚು ಮಾತಿನವನಲ್ಲ. "ಇನ್ನೊಂದ ಸಲ ಕುಂದರು. ಆಗಲಿಲ್ಲಂದ್ರ ಕಂಬಳಿ ಹೊತಗೊಂಡು ಕುರಿ ಹಿಂದ ನಡಿ. ಮತ್ತ ವಿಮಾನದ ಸುದ್ದಿ ತಗೀಬ್ಯಾಡ" ಎಂದು ಎದ್ದು ಹೋದ.

"ಯಾಕ ಫೇಲಾದಿ?" ಎಂದು ನಾನು ಕೇಳಿದೆ.

"ತಿರುಗೂವಾಗ ಸೊಟ್ಟಗ ಜಾರಿದೆ. ಎದುರಿನ ಗಾಜಿಗಿ ಉಣ್ಣಿ ಎಳಿ ಅಂಟಿಸಿರತಾರ. ಎಳಿ ನೆಟ್ಟಗಿದ್ರ ವಿಮಾನ ನೆಟ್ಟಗ. ನಾ ಅದನ್ನ ನೋಡಲಿಲ್ಲ, ಮಾಸ್ತರ ಮಾರಿ ನೋಡಿದೆ."

ನೂಲುತ್ತಿದ್ದ ನನ್ನ ಕೈಯ ಕದಿರು ನಿಂತಿತು. "ಏನಂದಿ? ಉಣ್ಣಿ? ಕುರಿ ಉಣ್ಣಿ?"

"ಹೂಂ, ಅತ್ತಿ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಗ್ಲಿಷ್ ಬಾರದೆ ಫೇಲಾಗಲಿ, ಗಣಿತ ಬಾರದೆ ಫೇಲಾಗಲಿ. ಕುರಿಯವರ ಹುಡುಗ ಉಣ್ಣೆ ನೋಡದೆ ಫೇಲಾಗುವುದೆ? ನಮ್ಮ ಮನೆಯಲ್ಲಿ ಕೋಲಿನ ತುದಿಗೆ ಒಂದು ಎಳೆ ಉಣ್ಣೆ ಕಟ್ಟಿರುತ್ತೇವೆ. ಅದು ಆಡುವ ದಿಕ್ಕು ನೋಡಿಯೇ ಕುರಿ ಎಲ್ಲಿ ನಿಲ್ಲಿಸಬೇಕು, ನಾಯಿ ಎಲ್ಲಿ ಬಿಡಬೇಕು ಎಂಬ ತೀರ್ಮಾನ. ತೋಳನ ವಾಸನೆ ನಾಯಿಗೆ ಬರಬೇಕಲ್ಲ! ಈ ಪುಣ್ಯಾತ್ಮ ಅದನ್ನು ಎಂದೂ ನೋಡಿರಲಿಲ್ಲ. ಕೋಲಿಗಿಂತ ಮೇಲೆಯೇ ಅವನ ಕಣ್ಣು!

ಮರುದಿನದಿಂದ ನಾನೇ ಮಾಸ್ತರಾದೆ. ಬೈಕಿನ ಹ್ಯಾಂಡಲ್ಲಿಗೆ ಎಳೆ ಕಟ್ಟಿಸಿ, ಹಿಂದೆ ಕೋಲು ಹಿಡಿದು ಕುಳಿತು, ಹಿಪ್ಪರಗಿಯ ಕಡೆಯ ಕಾಲುವೆ ರಸ್ತೆಗೆ ಹೊರಡಿಸಿದೆ. ಎಳೆ ವಾಲಿದಾಗೆಲ್ಲ ಬೆನ್ನಿಗೊಂದು ಏಟು.

"ಎಳಿ ನೋಡಲೇ!"

"ರಸ್ತಾ ಯಾರ ನೋಡಬೇಕ, ಅತ್ತಿ?"

"ನಾ ನೋಡತೇನಿ!"

ನೋಡುತ್ತಲೇ ಇದ್ದೆ. ರಸ್ತೆ ಒಂದು ಕಡೆ ಹೋಯಿತು, ನಾವು ಎಳೆ ನೆಟ್ಟಗೆ ಮಾಡಿಕೊಂಡು ಕಬ್ಬಿನೊಳಗೆ ಹೋದೆವು. ಕಾಲುವೆಯ ಕಡೆ ತಿರುಗಲಿಲ್ಲ, ಅದು ನಮ್ಮ ಕುಲದೇವರು ಬೀರೇಶ್ವರನ ದಯೆ. ಇಪ್ಪತ್ತು ದಿನದ ಹೊತ್ತಿಗೆ ಅವನ ಬೆನ್ನಿಗೆ ಬುದ್ಧಿ ಬಂದಿತ್ತು. ಪರೀಕ್ಷೆಗೆ ಹೊರಡುವಾಗ ಗೇಣುದ್ದ ಎಳೆ ನೂತು, ದೇವರ ಭಂಡಾರದ ಅರಿಶಿನದಲ್ಲಿ ಹೊರಳಾಡಿಸಿ ಹಳದಿ ಮಾಡಿ ಕೊಟ್ಟೆ. "ಇದು ಕಾಣಲಿಲ್ಲಂದ್ರ ನೀ ಕುರುಡ. ಕಂಬಳಿ ತೆಗದಿಟ್ಟಿರತೇನಿ."

ಕಂಬಳಿ ಪೆಟ್ಟಿಗೆಯಲ್ಲೇ ಉಳಿಯಿತು. ಪರೀಕ್ಷೆಯೂ ಆಯಿತು, ದೊಡ್ಡ ಸಾಲೆಯೂ ಆಯಿತು, ವರ್ಷಗಳ ಮೇಲೆ ಪ್ರಯಾಣಿಕರ ವಿಮಾನದ ನೌಕರಿಯೂ ಆಯಿತು. ಬಿಳಿ ಅಂಗಿ ತೊಟ್ಟು ಬಂದಾಗ ಕೇಳಿದೆ: "ಅಷ್ಟ ದೊಡ್ಡ ವಿಮಾನದಾಗ ಎಳಿ ಎಲ್ಲಿ ಕಟ್ಟತೀರಿ?"

"ಅದರಾಗ ಎಳಿ ಇರಂಗಿಲ್ಲ. ಯಂತ್ರ ಐತಿ."

"ಯಂತ್ರ ಕೆಟ್ರ?"

"ಇನ್ನೊಂದು ಐತಿ."

"ಅದೂ ಕೆಟ್ರ?"

"ಆವಾಗ ನೀ ಕೋಲು ತಗೊಂಡು ಹಿಂದ ಕುಂದ್ರಬೇಕು, ಅತ್ತಿ."

ಹಲ್ಲು ಕಿಸಿಯುವುದರಲ್ಲಿ ಮಾತ್ರ ಮೊದಲಿಂದಲೂ ಪಾಸು.

ಈಗ ತಮ್ಮನಿಗೆ ಮೊಣಕಾಲು ನೋವು. ಕುರಿಯ ಹಿಂದೆ ನಾನೇ ಹೋಗುತ್ತೇನೆ. ಮಧ್ಯಾಹ್ನ ಮೇಲೊಂದು ಬಿಳಿ ಗೆರೆ ಮೂಡುತ್ತದೆ. ಅವನದೋ, ಇನ್ನಾರದೋ, ನನಗೇನಾಗಬೇಕು? ಆದರೂ ಕೋಲೆತ್ತಿ ತುದಿಯ ಎಳೆ ನೋಡುತ್ತೇನೆ. ಜೋರಾಗಿ ಆಡಿದರೆ, "ಗಾಳಿ ಐತಿ, ನೆಟ್ಟಗ ಹೋಗಲೇ" ಎನ್ನುತ್ತೇನೆ.

ಮೊನ್ನೆ ಹಾಗೇ ನಿಂತಿದ್ದೆ. ಕಬ್ಬಿನ ಯಜಮಾನ ಬಂದ. ಅವನಿಗೂ ಈಗ ಹಲ್ಲಿಲ್ಲ, ಬಡಿಗೆ ಮಾತ್ರ ಇದೆ.

"ಎತ್ತಾಗ ನೋಡಾಕತ್ತೀಬೇ, ಮುದುಕಿ? ಕುರಿ ಎಲ್ಲಾ ಕಬ್ಬಿನಾಗ ಅದಾವ!"

"ತಡಿಯಪ್ಪಾ," ಎಂದೆ. "ನಮ್ಮ ಹುಡುಗ ಇನ್ನೂ ದಾಟಿಲ್ಲ."

ಅವನು ಬಡಿಗೆ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.