ಕ್ಯಾರಿಯರ್ ಮೇಲಿನ ಮಾವ

ನನ್ನ ಸೋದರಮಾವನಂಥ ಸೋಮಾರಿ ಇಡೀ ಕೋಲಾರ ಜಿಲ್ಲೆಯಲ್ಲೇ ಇರಲಿಲ್ಲ. ಇಲ್ಲದಿದ್ದರೆ ಚಾಂಪಿಯನ್ ರೀಫ್ಸ್‌ನಿಂದ ಮದ್ರಾಸಿನ ಸಮುದ್ರದವರೆಗೆ ಸೈಕಲ್ ಯಾತ್ರೆ ಮಾಡಿ, ಒಂದೇ ಒಂದು ಸಲವೂ ಪೆಡಲ್ ತುಳಿಯದವರು ಬೇರೆ ಯಾರಿದ್ದಾರೆ ಹೇಳಿ? ತುಳಿದವರು ನಮ್ಮತ್ತೆ. ಮಾವ ಹಿಂದೆ ಕ್ಯಾರಿಯರ್ ಮೇಲೆ ದಿಂಬು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಮೆರವಣಿಗೆ ಹೊರಟ ಮದುಮಗನಂತೆ ಕೂತಿದ್ದರು. ಹೆಂಗಸು ಸೈಕಲ್ ಮುಟ್ಟಿದರೆ ಮಳೆ ಬರುವುದಿಲ್ಲ ಎನ್ನುತ್ತಿದ್ದ ಕಾಲ, ಐವತ್ತರ ದಶಕದ ಕೊನೆ. ಆ ವರ್ಷ ಮಳೆ ಚೆನ್ನಾಗೇ ಬಂತು, ಆ ಮಾತು ಬೇರೆ.

ಮಾವ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಬೆಲ್‌ಮನ್. ಕೆಲಸದವರನ್ನು ಗಣಿಯ ಬಾವಿಗೆ ಇಳಿಸಿ ಎತ್ತುವ ಕಬ್ಬಿಣದ ಗೂಡಿಗೆ ಕೇಜ್ ಎನ್ನುತ್ತಾರೆ. ಅದನ್ನು ಎಳೆಯುವ ಎಂಜಿನ್ ಡ್ರೈವರ್ ಮೇಲೆ ಬೇರೊಂದು ಕಟ್ಟಡದಲ್ಲಿ ಕೂತಿರುತ್ತಾನೆ. ಅವನಿಗೆ ಕೇಜೂ ಕಾಣದು, ಜನರೂ ಕಾಣರು. ಬೆಲ್‌ಮನ್ ಕೊಡುವ ಬೆಲ್ಲೇ ಗತಿ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಇಳಿಸು, ಮೂರು ಹೊಡೆದರೆ ಎತ್ತು. ಬೆಲ್ ಬರದೆ ಡ್ರೈವರ್ ಕೈ ಅಲ್ಲಾಡಿಸುವಂತಿಲ್ಲ, ಸಾಕ್ಷಾತ್ ದೇವರೇ ಬಂದು ಹೇಳಿದರೂ! ಈ ಕಾನೂನನ್ನು ಮಾವ ಮನೆಗೂ ತಂದಿದ್ದರು. ಲೋಟವನ್ನು ಮೂರು ಸಲ ಕುಟ್ಟಿದರೆ ಕಾಫಿ ಬರಬೇಕು. "ಕಾಫಿ ಏನು ಗಣಿಯೊಳಗಿಂದ ಬರ್ಬೇಕಾ? ಬಾಯಲ್ಲಿ ಕೇಳಕ್ಕಾಗಲ್ವಾ?" ಎಂದು ಅತ್ತೆ ಕೂಗುತ್ತಿದ್ದರು. ಕೂಗುತ್ತಲೇ ಕಾಫಿ ತರುತ್ತಿದ್ದರು.

ಆ ವರ್ಷ ಡಾಕ್ಟರು ಮಾವನ ಎದೆಗೆ ಕೊಳವೆ ಇಟ್ಟು ಕೇಳಿ, ಶ್ವಾಸಕೋಶಕ್ಕೆ ಕಲ್ಲಿನ ಧೂಳು ಸೇರಿದೆ, ಇನ್ನು ಗಣಿಗೆ ಇಳಿಯುವಂತಿಲ್ಲ, ಏರು ಹತ್ತುವಂತಿಲ್ಲ ಎಂದುಬಿಟ್ಟರು. ಎಷ್ಟು ದಿನ ಹೀಗೆ ಎಂದು ಅತ್ತೆ ಕೇಳಿದ್ದಕ್ಕೆ ಚೀಟಿ ಬರೆಯುತ್ತಾ ಕೂತರಂತೆ. ಮೂರನೆಯ ದಿನ ಮಾವ ಅತ್ತೆಗೆ, "ಮದ್ವೆ ಆದಾಗ ನಿಂಗೆ ಸಮುದ್ರ ತೋರಿಸ್ತೀನಿ ಅಂದಿದ್ದೆ. ಉಸಿರಿರೋವಾಗ್ಲೇ ಓಗ್ಬಿಡಾನ" ಎಂದರು. ಬಂಗಾರಪೇಟೆ ಪಕ್ಕದ ಹಳ್ಳಿಯ ಅತ್ತೆ ಅದುವರೆಗೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಅವರೂರ ಕೆರೆ, ಅದೂ ಕೋಡಿ ಹೋದ ವರ್ಷ ಮಾತ್ರ.

ನಾನಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. "ಮದ್ರಾಸ್ ರೈಲು ನನ್ನ ಮೂಗಿನ ಮುಂದೇ ಹೋಗುತ್ತೆ ಮಾವ, ಟಿಕೆಟ್ ನಾನೇ ತೆಗೆಸಿಕೊಡ್ತೀನಿ" ಎಂದೆ.

"ರೈಲಾಗೆ ಕೂರಿಸಿ ಬಾಗ್ಲು ಆಕ್ಬಿಡ್ತಾರೆ ಕಣ್ಲಾ. ಇಪ್ಪತ್ತು ವರ್ಷ ಕೇಜಿನ ಬಾಗ್ಲು ಆಕಿಸ್ಕಂಡಿದ್ದು ಸಾಕು. ಮುಖಕ್ಕೆ ಗಾಳಿ ಬೀಸ್ಬೇಕು ನಂಗೆ."

ಊರು ಬಿಟ್ಟು ವಿಲಾಯತಿಗೆ ಹೊರಟಿದ್ದ ಒಬ್ಬ ದೊರೆಸಾನಿಯಿಂದ ಮಾವ ಲೇಡೀಸ್ ಸೈಕಲ್ ತಂದರು. ಊರಿಗಾಂ ಮೈದಾನದಲ್ಲಿ ಅತ್ತೆ, ನಾಟಿ ಹಾಕುವಾಗಿನಂತೆ ಸೀರೆ ಎತ್ತಿ ಕಟ್ಟಿ ಕಲಿಯತೊಡಗಿದರು. ಬಿದ್ದರು, ಎದ್ದರು, ಒಂದು ಮೇಕೆಯನ್ನೂ ಬೀಳಿಸಿದರು. ಸುದ್ದಿ ತಿಳಿದ ನನ್ನಮ್ಮ, ಅಂದರೆ ಮಾವನ ಅಕ್ಕ, ಬೆಂಕಿ ಕೆಂಡವಾಗಿ ಬಂದಳು. "ಏನ್ಲಾ, ಎಂಡ್ತಿ ತುಳಿಯೋದು, ನೀನು ಇಂದೆ ಕೂತ್ಕಳೋದು? ಮಾನ ಮರ್ವಾದೆ ಬ್ಯಾಡ್ವಾ?"

"ಅಕ್ಕಯ್ಯಾ, ಇಪ್ಪತ್ತು ವರ್ಷ ಕೇಜಾಗೆ ನಿಂತ್ಕಂಡು ಓಡಾಡಿದೀನಿ. ಎಳೆಯೋರು ಯಾರು ಅಂತ ಒಂದಿನ ಕೇಳಿದ್ಯಾ?"

ಅಮ್ಮ ದಾರಿಗೆ ಇರಲಿ ಎಂದು ರಾಗಿ ಹುರಿಹಿಟ್ಟು ಮಾಡಿ ಕಟ್ಟಿಕೊಟ್ಟಳು.

ಮಾವ ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ಕೂತರು. ಕ್ಯಾರಿಯರ್ ಕಂಬಿಗೆ ಮೂರು ಸಲ ಬಡಿದರೆ ತುಳಿ, ಎರಡಕ್ಕೆ ಇಳಿಜಾರು, ಹುಷಾರು, ಒಂದಕ್ಕೆ ನಿಲ್ಲಿಸು. ಟಣ್ ಟಣ್ ಟಣ್. ಹೊರಟಿತು ಸವಾರಿ.

ಮದ್ರಾಸು ಇರುವುದು ಪೂರ್ವಕ್ಕೆ. ಬೆಳಿಗ್ಗೆ ಮನೆ ಬಿಟ್ಟ ಈ ದಂಪತಿ ಹತ್ತು ಗಂಟೆಗೆ ಬೆವರು ಸುರಿಸುತ್ತಾ ಪಶ್ಚಿಮದ ಬಂಗಾರಪೇಟೆಯಲ್ಲಿ, ನನ್ನ ಗೂಡ್ಸ್ ಶೆಡ್ಡಿನ ಮುಂದೆ ನಿಂತಿದ್ದರು! ತಪ್ಪು ಅವರದೆನ್ನಲಾರೆ. ಗಣಿಯ ಜನ ಕಾಶಿಗೆ ಹೋಗಲಿ, ರಾಮೇಶ್ವರಕ್ಕೆ ಹೋಗಲಿ, ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೊದಲು ಬಂಗಾರಪೇಟೆಗೆ ಬಂದು ಗಾಡಿ ಬದಲಾಯಿಸಬೇಕು. ಹುಟ್ಟಿದಾಗಿನಿಂದ ಬಂದ ರೂಢಿ. ಸೈಕಲ್ಲಿಗೆ ಅದು ಬೇಕಿಲ್ಲ ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

"ಇಲ್ಲಿಗ್ಯಾಕೆ ಬಂದ್ರಿ ಮಾವ?" ಎಂದೆ. ಮಾವ ಹಳಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿನ್ನ ಮುಖ ನೋಡ್ಕಂಡು ಓಗಾನ ಅಂತ" ಎಂದರು.

ವಾಪಸ್ಸು ಹೋಗುವ ದಾರಿ ಅವರದೇ ಮನೆಯ ಮುಂದೆ. ಪಕ್ಕದ ಮನೆಯ ತಮಿಳಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವಳು, ಇಷ್ಟು ಬೇಗ ಸಮುದ್ರ ನೋಡಿಕೊಂಡು ಬಂದುಬಿಟ್ಟಿರಾ ಎಂದು ಮುಗ್ಧವಾಗಿ ವಿಚಾರಿಸಿದಳಂತೆ. ಮಾವ ಟವೆಲನ್ನು ತಲೆಯಿಂದ ಮುಖಕ್ಕೆ ಇಳಿಸಿ ಟಣ್ ಟಣ್ ಟಣ್ ಎಂದು ಮೂರರ ಮೇಲೆ ಮೂರು ಕೊಟ್ಟರು.

ಮುಂದಿನದೆಲ್ಲ ಅತ್ತೆ ಹೇಳಿದ್ದು. ಮಾವ ಪಕ್ಕದಲ್ಲೇ ಕೂತು ಎಲ್ಲ ಸುಳ್ಳು ಎನ್ನುತ್ತಿದ್ದರು. ಆಂಧ್ರದ ಗಡಿ ದಾಟುತ್ತಿದ್ದಂತೆ ಒಬ್ಬ ಮುದುಕಿ ಸೈಕಲ್ಲಿಗೆ ಅಡ್ಡ ಬಂದು, ಕ್ಯಾರಿಯರ್ ಮೇಲಿನ ಮಾವನನ್ನು ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡಳು. "ಅಯ್ಯೋ ಪಾಪಂ, ನೀ ಮೊಗುಡಿಕಿ ಕಾಳ್ಳು ಲೇವಾ ತಲ್ಲೀ?" ನಿನ್ನ ಗಂಡನಿಗೆ ಕಾಲಿಲ್ಲವೇ ತಾಯಿ ಎಂದು. ಅತ್ತೆ ಶುದ್ಧ ತೆಲುಗಿನಲ್ಲೇ, "ಕಾಲೆರಡೂ ಇದಾವಮ್ಮ, ನಾಚಿಕೆ ಒಂದಿಲ್ಲ" ಎಂದರು. ಮುದುಕಿ ನಕ್ಕೂ ನಕ್ಕೂ ಇಬ್ಬರಿಗೂ ಮುದ್ದೆ ಹಾಕಿ ಕಳಿಸಿದಳು. ಮಾವ ಎರಡು ಮುದ್ದೆ ಉಂಡರು, ನಾಚಿಕೆ ಇಲ್ಲದೆ.

ಘಟ್ಟ ಇಳಿದ ಮೇಲೆ ಒಂದೂರಿನಲ್ಲಿ ಪೋಲೀಸಪ್ಪನೊಬ್ಬ ನಿಲ್ಲಿಸಿ ಎಂದು ಕೈ ತೋರಿಸಿದ. ಸೈಕಲ್ ಮೇಲೆ ಇಬ್ಬರು ಹೋಗುವಂತಿರಲಿಲ್ಲ ಆಗ. ಅತ್ತೆ ನಿಲ್ಲಿಸಲಿಲ್ಲ. ಬೆಲ್ ಬಂದಿರಲಿಲ್ಲವಲ್ಲ! ಬೆಲ್ ಕೊಡಬೇಕಾದ ಮಾವ ಅತ್ತೆಯ ಬೆನ್ನಿಗೆ ತಲೆ ಆನಿಸಿ ತೂಕಡಿಸುತ್ತಿದ್ದರು. ಪೋಲೀಸಪ್ಪ ತನ್ನ ಸೈಕಲ್ ಹತ್ತಿ ಸೀಟಿ ಊದುತ್ತಾ ಅಟ್ಟಿಸಿಕೊಂಡು ಬಂದ. ಬೆಚ್ಚಿ ಎದ್ದ ಮಾವ ಟಣ್ ಎಂದು ಒಂದು ಕೊಟ್ಟರು. ಅತ್ತೆ ಗಕ್ಕನೆ ಬ್ರೇಕ್ ಹಿಡಿದರು. ಪೋಲೀಸಪ್ಪ ನೆಟ್ಟಗೆ ಬಂದು ಮಾವನ ದಿಂಬಿಗೆ ಗುದ್ದಿದ.

"ಕೈ ತೋರಿಸಿದ್ದು ಕಾಣಲಿಲ್ಲವಾ?" ಎಂದು ಅವನು ತಮಿಳಿನಲ್ಲಿ ಗುಡುಗಿದ.

"ಕಾಣ್ತು. ಬೆಲ್ ಕೊಡ್ದೆ ಎಂಗೆ ನಿಲ್ಸೋದು?" ಎಂದರು ಅತ್ತೆ.

"ಅವಳ ತಪ್ಪಿಲ್ಲ ಸಾರ್" ಎಂದು ಮಾವ ಕೈ ಮುಗಿದರು. "ಡ್ರೈವರ್ ಸರ್ಯಾಗೇ ಅವ್ಳೆ. ಬೆಲ್‌ಮನ್ ಮಲಗ್ಬಿಟ್ಟಿದ್ದ. ನನ್ನ ಎಸ್ರು ಬರ್ಕಳಿ." ಅಷ್ಟು ಹೇಳುವುದರಲ್ಲಿ ಕೆಮ್ಮು ಹಿಡಿಯಿತು. ಬಹಳ ಹೊತ್ತು ಬಿಡಲಿಲ್ಲ. ಪೋಲೀಸಪ್ಪ ಪುಸ್ತಕ ಜೇಬಿಗಿಟ್ಟು, ಎದುರು ಮನೆಯಿಂದ ನೀರುಮಜ್ಜಿಗೆ ತಂದು ಕುಡಿಸಿ, ಊರಾಚೆಯ ದಿಣ್ಣೆಯವರೆಗೆ ಸೈಕಲ್ಲನ್ನು ತಾನೇ ತಳ್ಳಿಕೊಟ್ಟ.

ಒಂಬತ್ತನೆಯ ದಿನ ಸಮುದ್ರ ಬಂತು. ಮಾವ ಒಂದು ಬೆಲ್ ಕೊಟ್ಟರು. ಅತ್ತೆ ಮರಳಿನ ಮೇಲೆ ನಿಂತು ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಕೊನೆಗೆ, "ಇದ್ರ ಆಚೆ ದಡಕ್ಕೆ ಎಂಗೆ ಓಗೋದು?" ಎಂದರು.

"ಅಲ್ಲಿಗೂ ಬಂಗಾರಪೇಟೆ ಮೇಲೇ ಓಗ್ಬೇಕು ಕಣೆ" ಎಂದರು ಮಾವ.

ಬರುವಾಗ ರೈಲಿನಲ್ಲಿ ಬಂದರು. ಬೇರೆ ದಾರಿ ಇರಲಿಲ್ಲ. ಘಟ್ಟದ ಏರಿನಲ್ಲಿ ಕ್ಯಾರಿಯರ್‌ನಿಂದ ಇಳಿದು ನಡೆಯಲೇಬೇಕು, ಅಷ್ಟು ಉಸಿರು ಮಾವನಲ್ಲಿ ಉಳಿದಿರಲಿಲ್ಲ. ಬಂಗಾರಪೇಟೆಯಲ್ಲಿ ಸಾಮಾನು ತುಂಬುವ ಬ್ರೇಕ್ ವ್ಯಾನಿನಿಂದ ಸೈಕಲ್ ಇಳಿಸಿಕೊಳ್ಳುತ್ತಾ ನಾನು, "ಏನು ಮಾವ, ಬಾಗಿಲು ಹಾಕಿಬಿಟ್ಟರಾ?" ಎಂದು ಕೆಣಕಿದೆ. "ಆಕಕ್ಕೆ ಬಿಟ್ಟಿದ್ರೆ ತಾನೆ? ಮದ್ರಾಸಿಂದ ಇಡ್ಕಂಡು ನಿಂತಿದೀನಿ" ಎಂದು ಅತ್ತೆ ಕೆಂಪಾದ ಅಂಗೈಯನ್ನು ಸೆರಗಿನಲ್ಲಿ ಒರೆಸಿಕೊಂಡರು.

ಮುಂದಿನ ಯುಗಾದಿಗೆ ಮಾವ ಇರಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಅತ್ತೆಯನ್ನು ನೋಡಲು ಹೋಗಿದ್ದೆ. ಹೊರಡುವಾಗ, "ರೈಲು ಓಗ್ಬಿಡ್ತದೆ, ಕೂತ್ಕ, ಮಾರಿಕುಪ್ಪಂಗೆ ಬಿಟ್ಬತ್ತೀನಿ" ಎಂದು ಸೈಕಲ್ ತೆಗೆದರು. ನಾನೇ ತುಳಿಯುತ್ತೇನೆ ಎಂದು ಗಂಡಸುತನ ತೋರಿಸಲು ಹೋದೆ. "ಸುಮ್ಕೆ ಕೂತ್ಕಳ್ಲಾ" ಎಂದರು. ಕೂತೆ. ದಿಂಬು ಇನ್ನೂ ಹಾಗೇ ಇತ್ತು. ಅತ್ತೆ ಸೀಟಿಗೇರಿ, ಒಂದು ಕಾಲು ನೆಲದ ಮೇಲೆ, ಒಂದು ಕಾಲು ಪೆಡಲ್ ಮೇಲೆ ಇಟ್ಟು ನಿಂತರು. ನಿಂತೇ ಇದ್ದರು.

"ಯಾಕತ್ತೆ?"

ಅವರು ತಿರುಗಿ ನೋಡಲಿಲ್ಲ. "ಸ್ಪ್ಯಾನರ್ ದಿಂಬಿನ ಕೆಳಗದೆ ನೋಡ್ಲಾ" ಎಂದರು.

ಮಾವನನ್ನು ಸೋಮಾರಿ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸ್ಪ್ಯಾನರ್ ಎತ್ತುವಷ್ಟರಲ್ಲಿ ನನಗೆ ಅಳು ಬಂದಿತ್ತು. ಕಂಬಿಗೆ ಮೂರು ಸಲ ಬಡಿದೆ. ಅತ್ತೆ ತುಳಿದರು.