ಕೋಟೆ ಹತ್ತಿದ ಟವಲ್

ಸುಳ್ಳು ಹೇಳುವವನಿಗೆ ಒಳ್ಳೆಯ ನೆನಪಿರಬೇಕು ಅನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಹತ್ತಿರದ ಊರಿಗೆ ರೈಲು ಬರಬಾರದು. ಮಸ್ಕಿಯ ಶಾಲೆಯಲ್ಲಿ ಇತಿಹಾಸ ಹೇಳುವ ನಾನು ವರ್ಷಗಟ್ಟಲೆ "ನಾನು ಕೊಪ್ಪಳದ ಕೋಟೆ ಹತ್ತಿದಾಗ..." ಎಂದು ಪಾಠ ಶುರುಮಾಡಿ, ಮೇಲಿನ ತಂಗಾಳಿಯನ್ನೂ ಬಿಡದೆ ಬಣ್ಣಿಸಿದ್ದೇನೆ. ನಿಜ ಹೇಳಬೇಕೆಂದರೆ ಆ ಕೋಟೆಯ ಒಂದು ಮೆಟ್ಟಿಲನ್ನೂ ನಾನು ತುಳಿದಿಲ್ಲ. ಸಿಂಧನೂರಿಗೆ ರೈಲು ಬಂದದ್ದೇ ತಡ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಈಗ ರೈಲು ಆಗೇತಲ್ರೀ, ಇನ್ನೊಮ್ಮೆ ಹೋಗಿ ಫೋಟೊ ತಗೊಂಡು ಬರ್ರಿ." ಇಡೀ ತರಗತಿ ಹೂಂಗುಟ್ಟಿತು. ನನ್ನ ಮರ್ಯಾದೆ ಈಗ ಒಂದು ಫೋಟೊದ ಮೇಲೆ ನಿಂತಿತು.

ಭಾನುವಾರ ನಸುಕಿನಲ್ಲೇ ಹೆಂಡತಿ ಗಿರಿಜಾಳನ್ನು ಕರೆದುಕೊಂಡು ಸಿಂಧನೂರು ಸ್ಟೇಷನ್ನಿಗೆ ಬಂದೆ. ಗೊರೇಬಾಳದಿಂದ ಅವಳ ಅಣ್ಣ ಬಸಣ್ಣನೂ ಬಂದಿದ್ದ. ಕರೆದಿರಲಿಲ್ಲ. ಬಸಣ್ಣ ಕರೆಯದೇ ಬರುತ್ತಾನೆ, ಕೇಳದೇ ಸಲಹೆ ಕೊಡುತ್ತಾನೆ. ನಿಂತಿದ್ದ ರೈಲನ್ನು ಕಂಡವನೇ ನನ್ನ ಹೆಗಲಿನ ಟವಲ್ ಕಿತ್ತು ಕಿಟಕಿಯೊಳಗೆ ಒಗೆದ. ಬಸ್ಸಿನ ಸೀಟಿಗೆ ನಾವು ಹೀಗೇ ಟವಲ್ ಹಾಕುವುದು. ಬೋಗಿಯೆಲ್ಲ ಖಾಲಿ! ತೊಂಬತ್ತು ಸೀಟಿಗೆ ನಾವು ಮೂವರು.

"ಬಸಣ್ಣ, ಜಾಗಾ ಭಾಳ ಐತಿ," ಅಂದೆ.

"ಇರ್ಲಿ ಬಿಡ್ರಿ ಮಾಸ್ತರ, ನಂಬೂದು ಹ್ಯಾಂಗ?"

ಗಿರಿಜಾ ರೊಟ್ಟಿಯ ಬುತ್ತಿ, ಟಿಕೆಟ್ ಎಲ್ಲ ಹಿಡಿದು ಟವಲ್ ಮೇಲೆ ಕೂತಳು. ಟವಲ್ ಹಾಕಿದ ಮೇಲೆ ಚಹಾ ಕುಡಿಯಬೇಕು, ಅದೂ ಬಸ್ಸಿನ ನಿಯಮವೇ. ಹೊರಗಿನ ಡಬ್ಬಿ ಅಂಗಡಿಗೆ ಹೋದೆವು. ನಾನು ತಿರುಗಿ ತಿರುಗಿ ರೈಲನ್ನೇ ನೋಡುತ್ತಿದ್ದೆ. ಬಸಣ್ಣ ಮಾತ್ರ ನೀಲಿ ಅಂಗಿಯವನೊಬ್ಬನನ್ನು ತೋರಿಸಿ, "ಡ್ರೈವರ್ ಇಲ್ಲೇ ಚಾ ಕುಡಿಯಾಕತ್ತಾನ, ಗಾಡಿ ಎಲ್ಲಿ ಹೋಗ್ತೈತ್ರಿ?" ಅಂದ. ನಾನೂ ಹುಟ್ಟಾ ಬಸ್ಸಿನವನೇ ನೋಡಿ, ಮಾತು ಸರಿ ಅನ್ನಿಸಿ ಇನ್ನರ್ಧ ಕಪ್ ಹೇಳಿದೆ. ಅಷ್ಟರಲ್ಲಿ ರೈಲು ಕೂಗಿತು. ನೀಲಿ ಅಂಗಿಯವನು ಅಲುಗಾಡಲಿಲ್ಲ. ಆ ಪುಣ್ಯಾತ್ಮ ಅತ್ತೆಯನ್ನು ಹತ್ತಿಸಲು ಬಂದವನಂತೆ.

ಓಡಿದೆವು. ಬಸಣ್ಣ "ಹೋಲ್ಡಾನ್! ಹೋಲ್ಡಾನ್!" ಎಂದು ಕಂಡಕ್ಟರನಂತೆ ಕೂಗಿದ. ರೈಲು ಬಸ್ಸಲ್ಲ, ನಿಲ್ಲದೆ ಹೋಯಿತು. ಸಿಟ್ಟಿಗೆ ಅವನನ್ನೇ ಹಳಿಯ ಮೇಲೆ ನಿಲ್ಲಿಸೋಣ ಅನ್ನಿಸಿತು. ಫೋನು ಬಂತು. ಗಿರಿಜಾ.

"ಎಲ್ಲಿದ್ದೀರ್ರಿ?"

"ನೀ ಮುಂದಿನ ಸ್ಟೇಷನ್ನಿಗೆ ಇಳಿ, ನಾವು ಬಸ್ಸಿಗೆ ಬರ್ತೀವಿ."

"ಬ್ಯಾಡ. ನೀವು ಬಸ್ಸಿಗೆ ಟವಲ್ ಹಾಕೂದ್ರಾಗ ಹೊತ್ತು ಮುಳುಗ್ತೈತಿ. ಟವಲ್ಲೂ ನನ್ನ ಕಡೇನ ಐತಿ. ಇಲ್ಲಿ ಕಾರಟಗಿಗೆ ಹೊಂಟ ಅಕ್ಕಾರು ಜೋಡಿ ಸಿಕ್ಕಾರ, ಅವರನ್ನೂ ಕೋಟೆಗೆ ಎಬ್ಬಿಸೀನಿ, ನಾವ ಹೋಗಿ ಬರ್ತೀವಿ."

ಬುತ್ತಿಯೂ ಹೋಯಿತು. ಇಡೀ ದಿನ ಬಸಣ್ಣನ ಮುಖ ನೋಡಿಕೊಂಡು ಮಿರ್ಚಿ ಭಜಿ ತಿಂದೆ. ಸಂಜೆ ರೈಲಿನಿಂದ ಗಿರಿಜಾ ನಗುತ್ತ ಇಳಿದಳು. "ತಂಗಾಳಿ ಅಂತಿದ್ರಲ್ಲ, ಮಂಗ್ಯಾ ಅದಾವು ಅಲ್ಲಿ! ನಿಮ್ಮ ಪಾಲಿನ ರೊಟ್ಟಿ ಕಸಗೊಂಡು ಹೋದುವು," ಅಂದಳು. ಫೋಟೊ ಮಾತ್ರ ಚೆನ್ನಾಗಿತ್ತು. ಹಿಂದೆ ಕೋಟೆಗೋಡೆ, ಮುಂದೆ ಗಿರಿಜಾ, ಬಿಸಿಲಿಗೆಂದು ತಲೆಯ ಮೇಲೆ ನನ್ನ ಟವಲ್.

ಸೋಮವಾರ ಧೈರ್ಯ ಮಾಡಿ ಮೊಬೈಲನ್ನು ತರಗತಿಯಲ್ಲಿ ತೋರಿಸಿದೆ.

"ಸರ್, ನೀವು ಎಲ್ಲಿದ್ದೀರ್ರಿ?"

"ಫೋಟೊ ಹೊಡೆದವ ನಾನಲ್ಲವೇ?"

ಮುಂದಿನ ಬೆಂಚಿನ ಹುಡುಗಿ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಸರ್, ಇದು ಸೆಲ್ಫಿ ಐತಲ್ರೀ. ಅಮ್ಮಾರ ಕೈ ಕಾಣಾಕತ್ತೈತಿ."

ಗಂಟೆ ಹೊಡೆಯಿತು ಎಂದು ಹೇಳಿ ಹೊರಗೆ ಬಂದೆ. ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.