ಮೊಟ್ಟೆ ಗಾಡಿ ಆರಿಂಚು ಮೇಲೆದ್ದ ಪ್ರಕರಣ

ಮೊಟ್ಟೆಯು ಒಡೆಯುವ ವಸ್ತು ಎಂಬುದನ್ನು ಸಾರ್ವಜನಿಕ ಮೊಟ್ಟೆ ವಿತರಣಾ ಮಂಡಳಿಯು ತನ್ನ ಸ್ಥಾಪನೆಯ ದಿನವೇ ಠರಾವಿನ ಮೂಲಕ ಒಪ್ಪಿಕೊಂಡಿತ್ತು. ಅದು ಯಾರ ಕೈಯಲ್ಲಿ ಒಡೆಯಿತೋ ಅವರ ಸಂಬಳದಿಂದ ಹಿಡಿಯತಕ್ಕದ್ದು ಎಂದು ಅದೇ ಠರಾವಿನ ಮುಂದಿನ ಸಾಲು ಹೇಳುತ್ತಿತ್ತು. ಮಂಡಳಿಯಲ್ಲಿ ಮೊಟ್ಟೆಯನ್ನು ಮುಟ್ಟುವ ಕೆಲಸ ಇದ್ದದ್ದು ಒಬ್ಬನಿಗೇ, ಪಿಕಪ್ ಗಾಡಿಯ ಚಾಲಕನಿಗೆ. ಉಳಿದವರು ಮೊಟ್ಟೆಯ ಬಗ್ಗೆ ಬರೆಯುತ್ತಿದ್ದರು.

ಈ ಚಾಲಕನನ್ನು ಎಲ್ಲರೂ ಮೆಲ್ಲಣ್ಣ ಎಂದು ಕರೆಯುತ್ತಿದ್ದರು. ವರ್ಷಗಟ್ಟಲೆ ಮೊಟ್ಟೆ ಹೇರಿಕೊಂಡು ಓಡಿಸಿದವನು ಮೆಲ್ಲಗೆ ಹೋಗದೆ ಇನ್ನೇನು ಮಾಡಿಯಾನು? ಸೈಕಲ್ಲಿನವರು ಅವನನ್ನು ದಾಟಿ ಹೋಗುವಾಗ ಕುಶಲ ಕೇಳಿ, ಉತ್ತರ ಕೇಳಿಸಿಕೊಳ್ಳಲು ಬ್ರೇಕ್ ಹಾಕಬೇಕಾಗುತ್ತಿತ್ತು. ಡಿಪೋದಿಂದ ಆಸ್ಪತ್ರೆಯವರೆಗಿನ ಅವನ ದಾರಿ ಅಂಗೈಯಂತೆ ಸಪಾಟಾದ ಡಾಂಬರು ರಸ್ತೆ. ಅದರಲ್ಲಿ ಇದ್ದದ್ದು ಒಂದೇ ಒಂದು ಉಬ್ಬು. ಆ ಉಬ್ಬು ಮಂಡಳಿಯ ಅಧ್ಯಕ್ಷರ ಮನೆಯ ಮುಂದೆ ಇತ್ತು. ಅಧ್ಯಕ್ಷರು ಊಟವಾದ ಮೇಲೆ ಸ್ವಲ್ಪ ಮಲಗುತ್ತಾರೆ, ಆಗ ಗಾಡಿಗಳು ಭರ್ರೆಂದು ಹೋಗಬಾರದು ಎಂಬ ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನು ಹೆಚ್ಚುಕಡಿಮೆ ಮೊಣಕಾಲೆತ್ತರಕ್ಕೆ ಕಟ್ಟಲಾಗಿತ್ತು. ಪಿಕಪ್ಪು ಅದನ್ನು ಹತ್ತಿ ಇಳಿಯುವಾಗ ಅದರ ಹೊಟ್ಟೆ ಕರ್ರ್ ಎಂದು ಉಜ್ಜುತ್ತಿತ್ತು, ಹಿಂದೆ ಒಂದಷ್ಟು ಮೊಟ್ಟೆ ಒಡೆಯುತ್ತಿತ್ತು, ಮೆಲ್ಲಣ್ಣನ ಸಂಬಳ ಅಷ್ಟು ಇಳಿಯುತ್ತಿತ್ತು.

ಆದ್ದರಿಂದ ಅವನ ಮನೆ ನಡೆಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಅಂಗಡಿಯಿಂದ. ಅಂಗಡಿ ಅದೇ ರಸ್ತೆಯಲ್ಲಿ, ಆ ಉಬ್ಬಿನ ಮಗ್ಗುಲಲ್ಲೇ ಇತ್ತು. ಒಂದು ಮಿಷನ್ನು, ಒಂದು ಕನ್ನಡಿ, ಗೋಡೆಗೆ ಚೌಕಟ್ಟು ಹಾಕಿದ ಪರವಾನಗಿ; ಆ ರಸ್ತೆಯ ಅಂಗಡಿಗಳಿಗೆ ಅದನ್ನು ಕೊಡುತ್ತಿದ್ದದ್ದೂ ಮಂಡಳಿಯೇ. ಗಂಡನ ಗಾಡಿ ಕರ್ರ್ ಎಂದಾಗಲೆಲ್ಲ ಆಕೆ ಸೂಜಿ ನಿಲ್ಲಿಸಿ, ಇವತ್ತು ಎಷ್ಟು ಹೋಯಿತೋ ಎಂದುಕೊಂಡು, ಇನ್ನೊಂದು ರವಿಕೆ ಕೈಗೆತ್ತಿಕೊಳ್ಳುತ್ತಿದ್ದಳು.

ಒಂದು ದಿನ ಮೆಲ್ಲಣ್ಣ ಧೈರ್ಯ ಮಾಡಿ ಮಂಡಳಿಗೆ ಅರ್ಜಿ ಕೊಟ್ಟ. ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸವೆದು ಗಾಡಿ ಕುಸಿದಿದೆ, ದಯವಿಟ್ಟು ಎರಡು ಹೊಸ ಪಟ್ಟಿ ಕೊಡಿಸಿ ಎಂದು. ಅಷ್ಟೇ. ಇದರಿಂದ ಮುಂದೆ ಏನೇನಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಜಿ ಬರೆಯಲು ತೆಗೆದ ಪೆನ್ನನ್ನು ಅವತ್ತೇ ಗಟಾರಕ್ಕೆ ಎಸೆಯುತ್ತಿದ್ದ.

ಅರ್ಜಿಯ ಮೇಲೆ ಸಭೆ ಸೇರಿತು. ಗಾಡಿಯ ಹೊಟ್ಟೆ ಉಬ್ಬಿಗೆ ತಾಗುತ್ತಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಗಾಡಿ ತಗ್ಗಾಗಿದೆಯೋ ಉಬ್ಬು ಎತ್ತರವಾಗಿದೆಯೋ ಎಂಬ ಪ್ರಶ್ನೆಯಲ್ಲಿ ಮೊದಲನೆಯ ಅರ್ಧವನ್ನು ಮಾತ್ರ ಚರ್ಚೆಗೆ ತೆಗೆದುಕೊಳ್ಳಲಾಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅದೂ ಬೆಕ್ಕೇ ಅಧ್ಯಕ್ಷತೆ ವಹಿಸಿರುವಾಗ?

"ಪಟ್ಟಿ ಗಿಟ್ಟಿ ಅಂತ ಸಣ್ಣದಾಗಿ ಯೋಚನೆ ಮಾಡಬೇಡಿ," ಎಂದರು ಅಧ್ಯಕ್ಷರು. "ಗಾಡೀನೇ ಮೇಲೆತ್ತಿಬಿಡೋಣ. ಈಗ ಎಲ್ಲ ಕಡೆ ಗಾಡಿಗೆ ಲಿಫ್ಟ್ ಅಂತ ಹಾಕಿಸಿ ಎತ್ತರ ಮಾಡಿಸ್ತಾರಂತೆ. ನಮ್ಮ ಭಾವಮೈದುನ ಅದೇ ಕೆಲಸ ಮಾಡ್ತಾನೆ. ಹಾಗಂತ ಅವನಿಗೇ ಕೊಡಿ ಅಂತ ನಾನು ಹೇಳಲ್ಲ."

ಅವರು ಹೇಳಲಿಲ್ಲವಾದ್ದರಿಂದ ಹೆಡ್ ಕ್ಲಾರ್ಕ್ ಅದನ್ನು ಹಾಗೆಯೇ ಬರೆದುಕೊಂಡರು. ಮರುದಿನ ಅಧ್ಯಕ್ಷರು, ಹೆಡ್ ಕ್ಲಾರ್ಕ್, ಮೆಲ್ಲಣ್ಣ ಮೂವರೂ ಭಾವಮೈದುನನ ಗ್ಯಾರೇಜಿಗೆ ಹೋದರು.

ಭಾವಮೈದುನ ಕೈ ಒರೆಸಿಕೊಂಡು ಮೂರು ಬಗೆಯನ್ನು ವಿವರಿಸಿದ. ಎರಡು ಇಂಚಿನದು: ಸ್ಪ್ರಿಂಗಿನ ಜಾಗದಲ್ಲಿ ಒಂದು ಕಬ್ಬಿಣದ ತುಂಡು ಕೂರಿಸಿದರೆ ಮುಗಿಯಿತು. ನಾಲ್ಕು ಇಂಚಿನದು: ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು. ಆರು ಇಂಚಿನದು: ಅವೆಲ್ಲದರ ಜೊತೆಗೆ ದೊಡ್ಡ ಟೈರು, ಹತ್ತಲು ಮೆಟ್ಟಿಲು.

"ನಮ್ಮ ಗಾಡಿ ಬರೀ ರಸ್ತೆ ಮೇಲೆ ಓಡೋದು. ಯಾವುದು ಸರಿ?" ಎಂದು ಹೆಡ್ ಕ್ಲಾರ್ಕ್ ಕೇಳಿದರು.

"ನಿಜ ಹೇಳ್ಲಾ ಸಾರ್? ರಸ್ತೆ ಮೇಲೆ ಓಡೋ ಗಾಡಿಗೆ ಎರಡು ಇಂಚೇ ಜಾಸ್ತಿ. ಇನ್ನೂ ನಿಜ ಹೇಳಬೇಕು ಅಂದ್ರೆ, ಅದೂ ಬೇಡ, ಪಟ್ಟಿ ಬದಲಾಯಿಸಿದ್ರೆ ಸಾಕು. ಆದ್ರೆ ಸಾಕು ಅನ್ನೋ ಮಾತು ನನ್ನ ಬಾಯಲ್ಲಿ ಬಂದ್ರೆ ನನ್ನ ಸಂಸಾರ ನಡೆಯೋದು ಹೇಗೆ?"

ಈ ಪ್ರಾಮಾಣಿಕತೆಯನ್ನು ಅಧ್ಯಕ್ಷರು ಮೆಚ್ಚಿಕೊಂಡರು. ಆಮೇಲೆ ಹೆಡ್ ಕ್ಲಾರ್ಕ್ ನಿಯಮಗಳನ್ನು ವಿವರಿಸಿದರು. ಎರಡು ಇಂಚು ಎತ್ತಿದರೆ ಅದು ದುರಸ್ತಿ, ದುರಸ್ತಿಗೆ ಅನುದಾನವಿಲ್ಲ. ನಾಲ್ಕು ಇಂಚು ಎತ್ತಿದರೆ ಸುಧಾರಣೆ, ಸುಧಾರಣೆಗೆ ಬೇಕಾದ ಸಹಿಯವರು ದೀರ್ಘ ರಜೆಯಲ್ಲಿದ್ದಾರೆ. ಆರು ಇಂಚು ಎತ್ತಿದರೆ ಅಭಿವೃದ್ಧಿ. ಅಭಿವೃದ್ಧಿಗೆ ಅನುದಾನ ಕೊಳೆಯುತ್ತಾ ಬಿದ್ದಿದೆ.

"ಎರಡು ಇಂಚಿಗೆ ಯಾರನ್ನ ಕರೆದು ಉದ್ಘಾಟನೆ ಮಾಡ್ಸೋಣ ಹೇಳಿ? ಫೋಟೋದಲ್ಲೂ ಕಾಣಲ್ಲ," ಎಂದರು ಅಧ್ಯಕ್ಷರು.

ಆದರೂ ಚಾಲಕನ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವಿತ್ತು. ಇಲ್ಲಿ ಮೆಲ್ಲಣ್ಣನನ್ನು ಪೂರ್ತಿ ಪಾಪದವನು ಎನ್ನಲಾಗದು. ಭಾವಮೈದುನ ಅವನನ್ನು ಅಲ್ಲಿದ್ದ ಆರಿಂಚಿನ ಒಂದು ಗಾಡಿಗೆ ಹತ್ತಿಸಿ ಕೂರಿಸಿದ್ದ. ಅಲ್ಲಿಂದ ಗ್ಯಾರೇಜಿನ ಕಾಂಪೌಂಡಿನ ಆಚೆಗಿನದೆಲ್ಲ ಕಾಣುತ್ತಿತ್ತು. ಇಷ್ಟು ವರ್ಷ ಮೇಲಿನಿಂದ ಅವನ ತಲೆಯ ಮೇಲೆ ಬೈಗುಳ ಸುರಿಸುತ್ತಿದ್ದ ಲಾರಿಯವನೊಬ್ಬ ಆ ಕಡೆಯಿಂದ ಹೋಗುತ್ತಾ ಕಣ್ಣಿಗೆ ಕಣ್ಣು ಸೇರಿಸಿ ಕೈ ಎತ್ತಿದ. ಮೆಲ್ಲಣ್ಣನ ಎದೆ ತುಂಬಿಬಂತು.

"ಆರೇ ಇರಲಿ ಸಾರ್," ಎಂದುಬಿಟ್ಟ.

ಆಯ್ಕೆ ಮುಗಿದ ಮೇಲೆ ಹೆಡ್ ಕ್ಲಾರ್ಕಿಗೆ ನಿಯಮ ಹದಿನಾಲ್ಕು ನೆನಪಾಯಿತು. ರಸ್ತೆಯ ಮೇಲೆ ಮಾತ್ರ ಓಡುವ ವಾಹನದ ಎತ್ತರವನ್ನು ಯಾವ ಕಾರಣಕ್ಕೂ ಹೆಚ್ಚಿಸತಕ್ಕದ್ದಲ್ಲ. ಎಲ್ಲರೂ ಪೆಚ್ಚಾದರು. ಗಾಡಿಯನ್ನು ರಸ್ತೆಯಿಂದ ತಪ್ಪಿಸುವಂತಿಲ್ಲ, ಆಸ್ಪತ್ರೆ ಇರುವುದೇ ರಸ್ತೆಯ ಕೊನೆಗೆ. ಹಾಗಾದರೆ ರಸ್ತೆಯನ್ನೇ ಗಾಡಿಯಿಂದ ತಪ್ಪಿಸಬೇಕು. ಅಧ್ಯಕ್ಷರು ರಸ್ತೆ ಇಲಾಖೆಯ ಇಂಜಿನಿಯರಿಗೆ ಫೋನ್ ಮಾಡಿದರು. ಇಂಜಿನಿಯರ್ ಕಾನೂನಿನ ಮನುಷ್ಯ, ತಡಮಾಡಲಿಲ್ಲ. ಎರಡೇ ದಿನದಲ್ಲಿ ಕಂಬಕಂಬಕ್ಕೂ ಪ್ರಕಟಣೆ ಅಂಟಿತು:

"ಡಿಪೋದಿಂದ ಆಸ್ಪತ್ರೆಯವರೆಗೆ ಇದುವರೆಗೆ ರಸ್ತೆ ಎಂದು ಭಾವಿಸಲಾಗಿದ್ದ ಜಾಗವು ರಸ್ತೆ ಅಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಈವರೆಗೆ ಅದರ ಮೇಲೆ ಓಡಾಡಿದವರ ವಿರುದ್ಧ ಯಾವುದೇ ಕ್ರಮ ಕೈಗೊಳ್ಳಲಾಗುವುದಿಲ್ಲ."

ಜನ ಓದಿ, ಸದ್ಯ ಕ್ರಮ ಇಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟು, ಅದರ ಮೇಲೇ ನಡೆದುಕೊಂಡು ಮನೆಗೆ ಹೋದರು.

ಗಾಡಿ ಮೇಲೆದ್ದಿತು. ಅಧ್ಯಕ್ಷರು ಕುರ್ಚಿಯ ಮೇಲೆ ನಿಂತು ರಿಬ್ಬನ್ ಕತ್ತರಿಸಿದರು. ಮೊದಲ ಸವಾರಿಯಲ್ಲಿ ಮೆಲ್ಲಣ್ಣ ಉಬ್ಬನ್ನು ಹತ್ತಿ ಇಳಿದಾಗ ಹೊಟ್ಟೆ ಉಜ್ಜಲೇ ಇಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹೊಸ ಸ್ಪ್ರಿಂಗುಗಳು ಬಂಡೆಯಂತೆ ಗಟ್ಟಿ. ಹಿಂದೆ ಟ್ರೇಗಳಲ್ಲಿದ್ದ ಮೊಟ್ಟೆಗಳು ಒಂದು ಗಳಿಗೆ ಹಕ್ಕಿಗಳಾದವು. ಆಸ್ಪತ್ರೆ ತಲುಪುವ ಹೊತ್ತಿಗೆ ಇಡಿಯಾಗಿ ಉಳಿದವು ಬೆರಳೆಣಿಕೆಯಷ್ಟು.

ಇದರಿಂದ ಮಂಡಳಿ ಧೃತಿಗೆಡಲಿಲ್ಲ. ಮರುದಿನವೇ ಇನ್ನೊಂದು ಪ್ರಕಟಣೆ ಬಂತು: "ಗ್ರಾಹಕರ ಶ್ರಮವನ್ನು ಕಡಿಮೆ ಮಾಡುವ ಸಲುವಾಗಿ ಮಂಡಳಿಯು ಇನ್ನು ಮುಂದೆ ಮೊಟ್ಟೆಗಳನ್ನು ಒಡೆದೇ ಕೊಡಲಿದೆ. ಪಾತ್ರೆಗಳನ್ನು ಗ್ರಾಹಕರೇ ತರತಕ್ಕದ್ದು." ಇನ್ನಾದರೂ ಸಂಬಳ ಪೂರ್ತಿ ಬಂದೀತೆಂದು ಮೆಲ್ಲಣ್ಣ ಹಿಗ್ಗಿದ. ಬರಲಿಲ್ಲ. ಹೊಸ ವ್ಯವಸ್ಥೆಯ ಪ್ರಕಾರ ಒಡೆಯದೆ ಉಳಿದ ಮೊಟ್ಟೆಗಳಿಗೆ ಹಿಡಿಯಲಾಯಿತು.

ಅತ್ತ ಇಂಜಿನಿಯರ್ ಸುಮ್ಮನಿರಲಿಲ್ಲ. ರಸ್ತೆಯೇ ಅಲ್ಲದ ಜಾಗದ ಮೇಲೆ ಡಾಂಬರು ಇರುವುದು ಸರ್ಕಾರಿ ಆಸ್ತಿಯ ದುರುಪಯೋಗ ಎಂದು ಅದನ್ನು ಕಿತ್ತು ಒಯ್ಯಿಸಿದರು. ಒಂದು ಮಳೆ ಬಿತ್ತು. ಮೊಣಕಾಲುದ್ದ ಕೆಸರಾಯಿತು. "ನೋಡಿದ್ರಾ, ಆರಿಂಚು ಬೇಕು ಅಂತ ನಾನು ಅವತ್ತೇ ಹೇಳಿರಲಿಲ್ವಾ?" ಎಂದು ಅಧ್ಯಕ್ಷರು ಕಿಟಕಿಯಿಂದ ನೋಡಿ ಸಂತೋಷಪಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನೂ ಡೊಂಕು ಮಾಡಿ ತೋರಿಸಿದ್ದರು.

ಆ ವಾರವೇ ಹೊಲಿಗೆ ಅಂಗಡಿಗೆ ಮಂಡಳಿಯ ನೋಟಿಸು ಬಂತು. ನಿಮ್ಮ ಪರವಾನಗಿ ರಸ್ತೆಬದಿ ಅಂಗಡಿಯದು. ರಸ್ತೆ ಇಲ್ಲವಾದ್ದರಿಂದ ಅದರ ಬದಿಯೂ ಇಲ್ಲ. ವಾರದೊಳಗೆ ಬಾಗಿಲು ಹಾಕತಕ್ಕದ್ದು.

ಮೆಲ್ಲಣ್ಣ ಅಂಗಡಿಗೆ ಬಂದಾಗ ಹೆಂಡತಿ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಆಕೆ ಮಿಷನ್ನಿನ ಮುಂದೆ ಸುಮ್ಮನೆ ಕೂತದ್ದನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ. ನೋಟಿಸು ತೆಗೆದು ಎರಡು ಸಲ ಓದಿದ.

"ಎರಡು ಪಟ್ಟಿ ಕೇಳೋಕೆ ಹೋದವರು ಆರಿಂಚಿಗೆ ಯಾಕ್ರೀ ಒಪ್ಕೊಂಡ್ರಿ?"

"ಮೇಲಿಂದ... ಚೆನ್ನಾಗಿ ಕಾಣ್ತಿತ್ತು ಕಣೇ."

"ಏನು ಕಾಣ್ತಿತ್ತು?"

"ಎಲ್ಲ."

"ನಾನು, ಈ ಅಂಗಡಿ?"

ಮೆಲ್ಲಣ್ಣನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

"ನೆಗಡಿ ಬಂತು ಅಂತ ಮೂಗು ಕೊಯ್ದಿದ್ದಾರೆ," ಎಂದಳು ಆಕೆ, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಎದ್ದು. "ನೆಗಡಿ ಅವರದು, ಮೂಗು ನನ್ನದು. ನಡೀರಿ ಆಫೀಸಿಗೆ."

ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಕೆಯನ್ನು ಮರ್ಯಾದೆಯಿಂದ ಕೂರಿಸಿ, ನೋಟಿಸಿನಲ್ಲಿ ತಪ್ಪೇನೂ ಇಲ್ಲವೆಂದು ತೋರಿಸಿಕೊಟ್ಟರು. ಬಾಗಿಲ ಬಳಿ ನಿಂತಿದ್ದ ಮೆಲ್ಲಣ್ಣ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ರಸ್ತೆ ಇಲ್ಲ, ಒಪ್ಪಿದೆ ಸಾರ್," ಎಂದಳು ಆಕೆ. "ಡಾಂಬರು ಕೀಳುವಾಗ ಅಧ್ಯಕ್ಷರ ಮನೆ ಮುಂದಿನ ಹಂಪ್ಸನ್ನ ಮಾತ್ರ ಯಾಕೆ ಬಿಟ್ರು?"

"ಅದನ್ನ ಮುಟ್ಟೋಕಾಗುತ್ತೇನಮ್ಮಾ?"

"ಅದು ರಸ್ತೆನಾ, ರಸ್ತೆ ಅಲ್ವಾ? ಅಷ್ಟು ಹೇಳಿಬಿಡಿ, ಎದ್ದು ಹೋಗ್ತೀನಿ."

ಹೆಡ್ ಕ್ಲಾರ್ಕ್ ಲೆಕ್ಕ ಹಾಕಿದರು. ಅಲ್ಲ ಎಂದರೆ ಅದು ಅಧ್ಯಕ್ಷರ ಬಾಗಿಲಲ್ಲಿ ಎದ್ದು ನಿಂತ ಅಕ್ರಮ ಕಟ್ಟಡವಾಗುತ್ತದೆ. ಹೌದು ಎಂದರೆ ಈ ಹೆಂಗಸು ಗೆಲ್ಲುತ್ತಾಳೆ. ಅವರು ಫ್ಯಾನಿನ ಕಡೆ ನೋಡಿದರು. ಫ್ಯಾನು ಏನೂ ಹೇಳಲಿಲ್ಲ.

"ರಸ್ತೆ," ಎಂದರು ಕೊನೆಗೆ, ತುಂಬಾ ಸಣ್ಣ ದನಿಯಲ್ಲಿ.

"ನನ್ನ ಅಂಗಡಿ ಅದರ ಬದಿಗೇ ಇದೆ. ಬೇಕಾದ್ರೆ ಬನ್ನಿ, ಅಳೆದು ತೋರಿಸ್ತೀನಿ."

ಅಳೆಯುವ ಅಗತ್ಯ ಬೀಳಲಿಲ್ಲ. ಅವತ್ತೇ ಆಕೆಯ ಪರವಾನಗಿಯಲ್ಲಿ ರಸ್ತೆಬದಿ ಎಂಬುದನ್ನು ಹೊಡೆದು ಉಬ್ಬಿನಬದಿ ಎಂದು ತಿದ್ದಿ ಮೊಹರು ಹಾಕಲಾಯಿತು. ಆಫೀಸಿನಿಂದ ಇಳಿಯುವಾಗ ಮೆಲ್ಲಣ್ಣನಿಗೆ ಹೆಂಡತಿಯ ಕಾಲಿಗೆ ಬೀಳೋಣ ಎನಿಸಿತು. ಜನ ಇದ್ದರೆಂದು ಸುಮ್ಮನಾದ.

ಸುದ್ದಿ ಹರಡಲು ಎಷ್ಟು ಹೊತ್ತು? ಅಂಥದ್ದೇ ನೋಟಿಸು ಪಡೆದಿದ್ದ ಕ್ಷೌರದವನು ತನ್ನ ಅಂಗಡಿಯ ಮುಂದೆಯೂ ಒಂದು ಉಬ್ಬು ಬೇಕೆಂದು ಅರ್ಜಿ ಕೊಟ್ಟ. ಚಪ್ಪಲಿ ಹೊಲಿಯುವವನು ಕೊಟ್ಟ, ಗಡಿಯಾರ ರಿಪೇರಿಯವನು ಕೊಟ್ಟ, ಕೊನೆಗೆ ಆಸ್ಪತ್ರೆಯೂ ಕೊಟ್ಟಿತು. ರಸ್ತೆಗೆ ಅನುದಾನವಿಲ್ಲದಿದ್ದರೂ ಉಬ್ಬಿಗೆ ಇತ್ತು. ಇಂಜಿನಿಯರ್ ಯಾರಿಗೂ ಇಲ್ಲವೆನ್ನಲಿಲ್ಲ. ಒಂದರ ಪಕ್ಕ ಒಂದರಂತೆ ಉಬ್ಬುಗಳೆದ್ದವು. ಬಾಗಿಲಿಗೊಂದು ಉಬ್ಬಾದಾಗ ನಡುವಿನ ಜಾಗವೂ ಮುಚ್ಚಿಹೋಗಿ, ಡಿಪೋದಿಂದ ಆಸ್ಪತ್ರೆಯವರೆಗೆ ಒಂದೇ ಉದ್ದನೆಯ, ಸಪಾಟಾದ, ಡಾಂಬರಿನ ಉಬ್ಬಾಯಿತು.

ಇಂಜಿನಿಯರ್ ಒಂದು ಬೆಳಿಗ್ಗೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಇದು ರಸ್ತೆಯಂತಿದೆ ಎಂದು ವರದಿ ಬರೆದರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು.

ಹೆಡ್ ಕ್ಲಾರ್ಕಿಗೆ ಮತ್ತೆ ನಿಯಮ ಹದಿನಾಲ್ಕು ನೆನಪಾಯಿತು. ರಸ್ತೆಯ ಮೇಲೆ ಓಡುವ ವಾಹನ ಎತ್ತರವಾಗಿರುವಂತಿಲ್ಲ. ಗಾಡಿ ಮತ್ತೆ ಭಾವಮೈದುನನ ಗ್ಯಾರೇಜಿಗೆ ಹೋಯಿತು. ಏರಿಸಿದ್ದಕ್ಕಿಂತ ಇಳಿಸಿದ್ದಕ್ಕೆ ಬಿಲ್ಲು ದೊಡ್ಡದಾಗಿ ಬಂತು. "ಇಳಿಸೋದೇ ಕಷ್ಟ ಸಾರ್," ಎಂದ ಅವನು. "ಮೇಲೆ ಕೂತು ಅಭ್ಯಾಸ ಆಗಿರುತ್ತೆ ನೋಡಿ." ಆ ಸವೆದ ಹಳೆಯ ಪಟ್ಟಿಗಳು ಸರ್ಕಾರಿ ಆಸ್ತಿಯಾದ್ದರಿಂದ ಜೋಪಾನವಾಗಿ ಎತ್ತಿಟ್ಟಿದ್ದರು. ಅವನ್ನೇ ಮತ್ತೆ ಹಾಕಲಾಯಿತು. ಒಡೆದ ಮೊಟ್ಟೆಗೆ ಸಂಬಳ ಹಿಡಿಯುವ ಹಳೆಯ ಪದ್ಧತಿಯೂ ಮರಳಿ ಜಾರಿಗೆ ಬಂತು.

ಹೊಸ ರಸ್ತೆ ಬಹಳ ನುಣುಪಾಗಿತ್ತು. ಮಧ್ಯಾಹ್ನದ ಹೊತ್ತು ಗಾಡಿಗಳು ಭರ್ರೆಂದು ಹೋಗತೊಡಗಿದವು. ಅಧ್ಯಕ್ಷರಿಗೆ ಊಟವಾದ ಮೇಲೆ ಕಣ್ಣು ಹತ್ತಲಿಲ್ಲ. ಆದ್ದರಿಂದ ಸಾರ್ವಜನಿಕ ಹಿತದೃಷ್ಟಿಯಿಂದ ಅವರ ಮನೆಯ ಮುಂದೆ ಒಂದು ಉಬ್ಬನ್ನು ಕಟ್ಟಲಾಯಿತು.

ಮೊದಲ ದಿನ ಮೆಲ್ಲಣ್ಣ ಮೆಲ್ಲಗೆ ಬಂದು, ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿದ. ಕರ್ರ್ ಎಂದಿತು. ಹಿಂದೆ ಒಂದಷ್ಟು ಒಡೆದವು. ಹೊಲಿಗೆ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತಿತು. ಹೆಂಡತಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಅವನನ್ನು ನೋಡಿದಳು. ಅವನು ಅಂಗಿಯ ಜೇಬು ಮುಟ್ಟಿ, ಪೆನ್ನು ಇಲ್ಲ ಎಂದು ಕೈಸನ್ನೆ ಮಾಡಿದ. ಆಕೆ ಒಳಗೆ ಹೋದಳು.

ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಕನ್ನಡಕ ಏರಿಸಿ ಕೇಳಿದರು: "ಗಾಡಿ ಏನೋ ಉಜ್ಜುತ್ತಂತಲ್ಲಪ್ಪಾ? ಅರ್ಜಿ ಏನಾದ್ರೂ ಇದೆಯಾ?"

"ಇಲ್ಲ ಸಾರ್," ಎಂದ ಮೆಲ್ಲಣ್ಣ. "ಮೊಟ್ಟೆ ಅಂದ್ಮೇಲೆ ಒಡೆಯುತ್ತೆ."

"ಅದನ್ನ ನಾವು ಮೊದಲನೇ ದಿನವೇ ಠರಾವು ಮಾಡಿದ್ದೀವಲ್ಲಯ್ಯಾ," ಎಂದು ಹೆಡ್ ಕ್ಲಾರ್ಕ್ ಪ್ರೀತಿಯಿಂದ ತಲೆದೂಗಿ, ಇವತ್ತು ಎಷ್ಟು ಒಡೆದವು ಎಂದು ಕೇಳಿ ಬರೆದುಕೊಂಡರು.